ಲೈಟ್‌ಹೌಸ್ ನಮ್ಮದು

ಬ್ರಿಟಾ ಹೌಗನ್‌ಗೆ ಅದೃಷ್ಟದ ಮೇಲಿದ್ದ ಸಿಟ್ಟು ಸಾಧಾರಣದ್ದಲ್ಲ. ಬೇರೆಯವರ ಸಿಟ್ಟು ಭಾನುವಾರಕ್ಕಾದರೂ ರಜೆ ಹಾಕುತ್ತದೆ. ಇವಳದು ವಾರದ ಏಳೂ ದಿನ ಒಲೆಯ ಮೇಲೇ ಇರುತ್ತಿತ್ತು. ವಯಸ್ಸು ಮೂವತ್ತನಾಲ್ಕು. ಕೆಲಸ, ಅಮೆರಿಕದ ಡುಲೂತ್ ಊರಿನ ಏರುಬೀದಿಗಳಲ್ಲಿ ಶಾಲಾ ಬಸ್ಸು ಓಡಿಸುವುದು. ಫೆಬ್ರವರಿಯಲ್ಲಿ ಆ ಬೀದಿಗಳ ಮೇಲೆ ಮಂಜುಗಡ್ಡೆ ಹೇಗೆ ಕೂತಿರುತ್ತದೆಂದರೆ ಗಂಡಸರೇ ದೇವರ ಹೆಸರು ಹೇಳಿಕೊಂಡು ಇಳಿಯುತ್ತಾರೆ. ಬ್ರಿಟಾ ಮಾತ್ರ ಚೂಯಿಂಗ್ ಗಮ್ ಅಗಿಯುತ್ತ ಬಸ್ಸು ಇಳಿಸುತ್ತಿದ್ದಳು, ಅದೂ ಸರಿಯಾದ ಹೊತ್ತಿಗೆ.

ಬಸ್ಸಿನಲ್ಲಿ ಅವಳ ಹತ್ತಿರ ಯಾವ ನೆಪವೂ ನಡೆಯುತ್ತಿರಲಿಲ್ಲ. ತಡವಾಗಿ ಓಡಿಬಂದ ಹುಡುಗಿಯೊಬ್ಬಳು ಏದುಸಿರು ಬಿಡುತ್ತ “ನಾಯಿ ಅಡ್ಡ ಬಂತು” ಎಂದರೆ, “ನಾಳೆಯಿಂದ ಸ್ವಲ್ಪ ಬೇಗ ಅಡ್ಡ ಬಾ ಅಂತ ನಾಯಿಗೆ ಹೇಳು” ಎನ್ನುತ್ತಿದ್ದಳು. ಇಷ್ಟು ಖಡಕ್ಕಾಗಿದ್ದ ಹೆಂಗಸು ಮನೆಗೆ ಬಂದು ಕಂಪ್ಯೂಟರ್ ಮುಂದೆ ಕೂತು ಕಿವಿಗೆ ಹೆಡ್‌ಫೋನ್ ಏರಿಸಿದರೆ ಸಾಕು, ಜಗತ್ತಿನ ನಾಯಿಗಳೆಲ್ಲ ಸಾಲುಗಟ್ಟಿ ಅವಳಿಗೇ ಅಡ್ಡ ಬರುತ್ತಿದ್ದವು.

ಅವಳು ಆಡುತ್ತಿದ್ದ ಆಟ ಹೀಗೆ. ಮೂವರಿಗೊಂದು ತಂಡ, ಇಪ್ಪತ್ತು ತಂಡ, ಒಂದು ದ್ವೀಪ. ಎಲ್ಲರೂ ವಿಮಾನದಿಂದ ಬರಿಗೈಲಿ ಧುಮುಕಬೇಕು. ಬಿದ್ದ ಕಡೆ ಮನೆಗಳಿಗೆ ನುಗ್ಗಿ ಸಿಕ್ಕ ಬಂದೂಕು, ಸಿಕ್ಕ ಔಷಧಿ ಬಾಚಿಕೊಳ್ಳಬೇಕು. ಒಬ್ಬನಿಗೆ ಬಾಗಿಲಲ್ಲೇ ರೈಫಲ್ ಸಿಕ್ಕರೆ ಇನ್ನೊಬ್ಬನಿಗೆ ನಾಲ್ಕು ಮನೆ ಜಾಲಾಡಿದರೂ ಬ್ಯಾಂಡೇಜು. ಇದು ಮೊದಲನೆಯ ಹಣೆಬರಹ. ಆಮೇಲೆ ಝೋನ್. ನಕ್ಷೆಯ ಮೇಲೆ ಒಂದು ವೃತ್ತ ಬೀಳುತ್ತದೆ. ಅದರ ಹೊರಗೆ ಉಳಿದವರು ಸುಟ್ಟುಹೋಗುತ್ತಾರೆ. ವೃತ್ತ ಕುಗ್ಗುತ್ತ ಕುಗ್ಗುತ್ತ ಕಡೆಗೆ ಒಂದು ಅಂಗಳದಷ್ಟಾಗುತ್ತದೆ. ಎಲ್ಲಿ ಕುಗ್ಗುತ್ತದೆ ಎಂಬುದು ಮಾತ್ರ ಯಾರಿಗೂ ಗೊತ್ತಿಲ್ಲ. ಇದು ಎರಡನೆಯದು. ಈ ಎರಡೂ ಹಣೆಬರಹಗಳ ನಡುವೆ ಉಳಿದ ಇಕ್ಕಟ್ಟಿನಲ್ಲಿ ಮನುಷ್ಯ ತನ್ನ ಗುರಿ, ತನ್ನ ಬುದ್ಧಿ, ತನ್ನ ಧೈರ್ಯ ತೋರಿಸಬೇಕು. ಗೆದ್ದವರು ಬುದ್ಧಿಯಿಂದ ಗೆದ್ದೆವೆನ್ನುತ್ತಾರೆ, ಸೋತವರು ಝೋನ್‌ನಿಂದ ಸೋತೆವೆನ್ನುತ್ತಾರೆ. ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ. ಬ್ರಿಟಾಗೆ ಕುಣಿಯಲು ಚೆನ್ನಾಗಿಯೇ ಬರುತ್ತಿತ್ತು. ನೆಲ ಡೊಂಕು ಎನ್ನುವುದನ್ನು ಮಾತ್ರ ಅವಳು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

ಅವಳ ತಂಡದಲ್ಲಿ ಇನ್ನಿಬ್ಬರು. ಟೊಲೀಡೊ ಊರಿನ ಕ್ಷೌರಿಕ ಮಾರ್ಕ್ವಿಸ್, ಬೆಣ್ಣೆಯಂಥ ಮನುಷ್ಯ. ಟೆಕ್ಸಸ್‌ನ ಲರೇಡೊದಲ್ಲಿ ತಾಯಿಯ ಬೇಕರಿಯಲ್ಲಿ ದುಡಿಯುವ ಲುಪೆ, ಮಾತು ಕಡಿಮೆ, ಗುರಿ ತಪ್ಪದು. ಮೂವರೂ ಒಬ್ಬರನ್ನೊಬ್ಬರು ಎದುರಾಬದುರು ಕಂಡವರೇ ಅಲ್ಲ, ಆದರೆ ಯಾರು ಯಾವಾಗ ಕೆಮ್ಮುತ್ತಾರೆಂಬುದು ಮೂವರಿಗೂ ಗೊತ್ತಿತ್ತು. ತಂಡದ ನಾಯಕಿ ಬ್ರಿಟಾ. ಎಲ್ಲಿ ಇಳಿಯಬೇಕು, ಯಾವಾಗ ಓಡಬೇಕು, ಯಾರನ್ನು ಕೆಣಕಬೇಕು, ಎಲ್ಲ ಅವಳ ಮಾತೇ.

ಈ ಆಟ ಆಡುವವರಲ್ಲಿ ಒಂದು ಪದ್ಧತಿಯಿದೆ. ಯಾರಾದರೂ ಸತ್ತರೆ ಸತ್ತವರು “ಸಾರಿ” ಎನ್ನಬೇಕು, ಉಳಿದವರು “ಬ್ಯಾಡ್ ಲಕ್” ಎನ್ನಬೇಕು. ಮಗು ಸೀನಿದರೆ ಅಜ್ಜಿ “ಚಿರಂಜೀವಿ” ಎನ್ನುವ ಹಾಗೆ. ಅರ್ಥ ನೋಡಿ ಹೇಳುವ ಮಾತಲ್ಲ ಅದು. ಬಾಗಿಲು ಮುಚ್ಚುವುದನ್ನು ಮರೆತು ಸತ್ತರೂ ಬ್ಯಾಡ್ ಲಕ್, ಬಂದೂಕಿಗೆ ಗುಂಡು ತುಂಬದೆ ಓಡಿ ಸತ್ತರೂ ಬ್ಯಾಡ್ ಲಕ್. ಇದನ್ನು ಹೇಳುವುದರಲ್ಲಿ ಮಾರ್ಕ್ವಿಸ್ ಯಾವಾಗಲೂ ಮುಂದು. ಹೇಳಿಸಿಕೊಳ್ಳುವುದರಲ್ಲಿ ಬ್ರಿಟಾ ಮುಂದು.

ಇನ್ನೊಂದು ಪದ್ಧತಿ, ಇಳಿಯುವ ಜಾಗದ್ದು. ದೊಡ್ಡ ಪಂದ್ಯ ಆಡುವ ತಂಡಗಳೆಲ್ಲ ಬಸ್ಸಿನ ಕಿಟಕಿಯಲ್ಲಿ ಟವೆಲ್ ಹಾಕಿ ಸೀಟು ಹಿಡಿದ ಹಾಗೆ ದ್ವೀಪದಲ್ಲಿ ಒಂದೊಂದು ಜಾಗ ಹಿಡಿದಿರುತ್ತವೆ. ಒಬ್ಬರ ಜಾಗಕ್ಕೆ ಇನ್ನೊಬ್ಬರು ಇಳಿದರೆ ಅದು ಅವಮಾನ, ಜಗಳಕ್ಕೆ ಕರೆದಂತೆ. ಆಟ ಹೊಸದಾಗಿ ಬಂದಾಗಲೇ ಬ್ರಿಟಾ ಈಶಾನ್ಯ ಮೂಲೆಯ ಲೈಟ್‌ಹೌಸ್ ಹಿಡಿದಿದ್ದಳು. ಐದು ವರ್ಷದಲ್ಲಿ ಅಲ್ಲಿಗೆ ಒಂದು ನರಪಿಳ್ಳೆಯೂ ಬಂದಿರಲಿಲ್ಲ. “ಲೈಟ್‌ಹೌಸ್ ನಮ್ಮದು” ಎನ್ನುವಾಗ ಅವಳ ದನಿ ಪಿತ್ರಾರ್ಜಿತ ಆಸ್ತಿಯ ಮಾತಾಡುವವರ ಹಾಗಿರುತ್ತಿತ್ತು. ಅದರ ಮೆಟ್ಟಿಲು, ನೆಲಮಾಳಿಗೆ, ಹಿಂದಿನ ಕಬ್ಬಿಣದ ಜಾಲರಿ, ಎಲ್ಲ ಅವಳಿಗೆ ಕಣ್ಣುಕಟ್ಟಿದರೂ ಗೊತ್ತು.

ಆ ಶನಿವಾರ ಮಧ್ಯಾಹ್ನ ಆಯ್ಕೆಯ ಪಂದ್ಯ. ಆರು ಆಟ ಸೇರಿಸಿ ಮೊದಲ ಹತ್ತರೊಳಗೆ ಬಂದ ತಂಡಗಳಿಗೆ ಕೊಲಂಬಸ್ ನಗರದ ಫೈನಲ್‌ಗೆ ಪ್ರವೇಶ. ನಿಜವಾದ ವೇದಿಕೆ, ನಿಜವಾದ ಜನ, ಮೂವರೂ ಮೊದಲ ಸಲ ಕೈಕುಲುಕುವುದು. ಹಿಂದಿನ ಎರಡೂ ಸಲ ಇವರು ಹನ್ನೊಂದನೆಯವರು. ಲುಪೆಯನ್ನು ಬೇರೊಂದು ತಂಡ ಕರೆದಿತ್ತು. ಅವಳು ಮುಚ್ಚಿಡದೆ ಹೇಳಿದ್ದಳು: “ಈ ಸಲ ಆದ್ರೆ ಇರ್ತೀನಿ. ಆಗ್ಲಿಲ್ಲ ಅಂದ್ರೆ ಹೋಗ್ತೀನಿ. ಬೇಜಾರು ಮಾಡ್ಕೋಬೇಡ ಬ್ರಿಟಾ.” ಲುಪೆ ಹೋದರೆ ತಂಡ ಮುಗಿದಂತೆ, ಬ್ರಿಟಾ ವಯಸ್ಸಿನವಳನ್ನು ಹೊಸ ತಂಡ ಯಾವುದೂ ಕರೆಯುವುದಿಲ್ಲ. ಇದು ಅವಳಿಗೂ ಗೊತ್ತಿತ್ತು.

ಶನಿವಾರಗಳಲ್ಲಿ ಅವಳ ಅಪ್ಪ ಆರ್ನೆ ಬರುವುದುಂಟು. ಅದಿರಿನ ಹಡಗುಕಟ್ಟೆಯಲ್ಲಿ ದುಡಿದು ನಿವೃತ್ತನಾದ ಮನುಷ್ಯ. ಟವೆಲ್ ಸುತ್ತಿದ, ಮಾಂಸ ಆಲೂಗಡ್ಡೆ ಸೇರಿಸಿ ಬೇಯಿಸಿದ ಹಾಟ್‌ಡಿಶ್ ಪಾತ್ರೆಯನ್ನು ಒಲೆಯ ಮೇಲಿಟ್ಟು, ಮಗಳ ಕಂಪ್ಯೂಟರ್ ಪಕ್ಕದಲ್ಲೇ ಕ್ರಿಬೇಜ್ ಎಂಬ ಇಸ್ಪೀಟಾಟದ ತೂತುತೂತಿನ ಬೋರ್ಡು ಇಡುತ್ತಿದ್ದ. ಒಂದು ಆಟಕ್ಕೂ ಇನ್ನೊಂದಕ್ಕೂ ನಡುವೆ ಕಾಲು ಗಂಟೆ ಬಿಡುವಿರುತ್ತದಲ್ಲ, ಆಗ ಅಪ್ಪ ಮಗಳು ಎರಡು ಕೈ ಇಸ್ಪೀಟು ಆಡುತ್ತಿದ್ದರು. ಪರದೆಯ ಮೇಲೆ ಯಾರು ಮಗಳು, ಯಾವುದು ಮರ ಎಂದು ಅವನಿಗೆ ಇವತ್ತಿಗೂ ಗೊತ್ತಾಗುವುದಿಲ್ಲ.

ಕ್ರಿಬೇಜ್‌ನಲ್ಲಿ ಬಂದ ಎಲೆ ದೇವರು ಕೊಟ್ಟದ್ದು, ಎಣಿಸುವುದು ನಾವು. ಎಲೆಗಳನ್ನು ಮೇಜಿನ ಮೇಲೆ ಬಿಡಿಸಿಟ್ಟು, ಕೂಡಿದರೆ ಹದಿನೈದಾಗುವ ಎಲೆಗಳ ಗುಂಪುಗಳನ್ನು ಬಾಯಿಬಿಟ್ಟು ಎಣಿಸಿ, ಗುಂಪಿಗೆ ಎರಡು ಅಂಕದ ಲೆಕ್ಕದಲ್ಲಿ ಅಷ್ಟು ತೂತು ಕಡ್ಡಿ ಮುಂದಿಡಬೇಕು. ನಿಮ್ಮ ಕೈಲೇ ಇದ್ದ ಅಂಕ ನಿಮಗೆ ಕಾಣದೆ ಹೋದರೆ ಎದುರಿನವನು “ಮಗಿನ್ಸ್!” ಎಂದು ಕೂಗಿ ಅದನ್ನು ತಾನು ತೆಗೆದುಕೊಳ್ಳಬಹುದು. ಬ್ರಿಟಾ ಹನ್ನೊಂದು ವರ್ಷದವಳಿದ್ದಾಗ ಅಪ್ಪ ಹೀಗೇ ಕೂಗಿ ಗೆದ್ದ. ಮಗಳು ಬೋರ್ಡನ್ನು ಎತ್ತಿ ಗೋಡೆಗೆ ಬೀಸಿದಳು. ಎರಡು ಕಡ್ಡಿ ಒಲೆಯಡಿ ಸೇರಿ ಮತ್ತೆ ಸಿಗಲೇ ಇಲ್ಲ. ಇವತ್ತಿಗೂ ಅವುಗಳ ಜಾಗದಲ್ಲಿ ಬೆಂಕಿಕಡ್ಡಿ. ಅವತ್ತು ತಾಯಿ ಜೋಯ್ಸ್ ಕಾನೂನು ಮಾಡಿದಳು: “ಈ ಮನೇಲಿ ಇನ್ನು ಮಗಿನ್ಸ್ ಇಲ್ಲ.” ಆಮೇಲೆ ಜೋಯ್ಸ್ ಆರ್ನೆಯನ್ನು ಬಿಟ್ಟು ಅರಿಜೋನಾಕ್ಕೆ ಹೋಗಿ ಒಬ್ಬ ದಂತವೈದ್ಯನನ್ನು ಮದುವೆಯಾದಳು. ಕಾನೂನು ಮಾತ್ರ ಡುಲೂತ್‌ನಲ್ಲೇ ಉಳಿಯಿತು.

ಮೊದಲ ಆಟದಲ್ಲಿ ಝೋನ್ ನೈಋತ್ಯಕ್ಕೆ ಬಿತ್ತು. ಲೈಟ್‌ಹೌಸ್‌ನಿಂದ ಹೊರಟ ಮೂವರೂ ಇಡೀ ದ್ವೀಪ ಓಡಿ, ಸೇತುವೆಯ ಮೇಲೆ ಕಾದಿದ್ದವರ ಗುಂಡಿಗೆ ಸಿಕ್ಕರು.

“ಬ್ಯಾಡ್ ಲಕ್, ಬ್ಯಾಡ್ ಲಕ್” ಎಂದ ಮಾರ್ಕ್ವಿಸ್.

“ನೋಡಿದ್ರಾ? ದ್ವೀಪದಲ್ಲಿ ಅಷ್ಟು ಜಾಗ ಇದೆ, ಅದಕ್ಕೆ ಅಲ್ಲೇ ಬೀಳ್ಬೇಕಿತ್ತಾ? ಇದು ಬೇಕಂತಲೇ ಮಾಡುತ್ತೆ” ಎಂದು ಬ್ರಿಟಾ ಮೇಜು ಗುದ್ದಿದಳು. ಬೋರ್ಡಿನ ಬೆಂಕಿಕಡ್ಡಿ ಬಿದ್ದವು. ಆರ್ನೆ ಸುಮ್ಮನೆ ಎತ್ತಿಟ್ಟ.

ಎರಡನೆಯ ಆಟದಲ್ಲಿ ಮೂರನೆಯವರಾದರು. ಲುಪೆ ಒಬ್ಬಳೇ ನಾಲ್ವರನ್ನು ಕೆಡವಿದಳು. ಮೂರನೆಯದರಲ್ಲಿ ಝೋನ್ ದಕ್ಷಿಣಕ್ಕೆ. ಮತ್ತೆ ಓಟ, ಮತ್ತೆ ಸೇತುವೆ. ನಾಲ್ಕನೆಯದರಲ್ಲೂ ಅದೇ. ಪ್ರತಿ ಸಲವೂ ಬ್ರಿಟಾ ಝೋನ್‌ನ ಜಾತಕ ಬಿಚ್ಚಿದಳು, ಅದನ್ನು ಮಾಡಿದವರ ವಂಶವನ್ನು ಹರಸಿದಳು. ಮಾರ್ಕ್ವಿಸ್ ಪ್ರತಿ ಸಲವೂ ಮಂತ್ರ ಹೇಳಿದ. ಐದನೆಯದರಲ್ಲಿ ಸೇತುವೆ ದಾಟುವಾಗ ಮೂವರೂ ಒಟ್ಟಿಗೇ ಸತ್ತರು. ಪಟ್ಟಿಯಲ್ಲಿ ಹದಿಮೂರನೆಯ ಸ್ಥಾನ, ಉಳಿದದ್ದು ಒಂದೇ ಆಟ.

“ಸಾರಿ” ಎಂದಳು ಬ್ರಿಟಾ, ಹಲ್ಲು ಕಚ್ಚಿಕೊಂಡು.

“ಬ್ಯಾಡ್ ಲಕ್” ಎಂದ ಮಾರ್ಕ್ವಿಸ್.

ಹೆಡ್‌ಫೋನಿನಲ್ಲಿ ಲರೇಡೊದ ಫ್ಯಾನ್ ತಿರುಗುವ ಸದ್ದು ಮಾತ್ರ ಕೇಳುತ್ತಿತ್ತು.

“ಲುಪೆ, ಇದ್ದೀಯಾ?”

“ಇದ್ದೀನಿ. ಬ್ಯಾಡ್ ಲಕ್ ಅಲ್ಲ ಅದು.”

“ಏನು?”

“ಬ್ಯಾಡ್ ಲಕ್ ಅಲ್ಲ ಅಂದೆ. ಒಂದೇ ಸೇತುವೆ ಮೇಲೆ ಒಂದೇ ದಿನ ನಾಲ್ಕು ಸಲ ಸತ್ರೆ ಅದು ಲಕ್ ಆಗಲ್ಲ ಬ್ರಿಟಾ, ಅಭ್ಯಾಸ ಆಗುತ್ತೆ.”

“ಝೋನ್ ಅಲ್ಲಿ ಬಿದ್ರೆ ನಾನೇನು ಮಾಡ್ಲಿ? ನನ್ನ ಕೇಳಿ ಬೀಳುತ್ತಾ?”

“ಝೋನ್ ಎಲ್ಲಿ ಬೇಕಾದ್ರೂ ಬೀಳುತ್ತೆ. ನಾವು ಮಾತ್ರ ಮೂಲೇಲೇ ಬೀಳ್ತೀವಿ. ಊರಾಚೆ ಮನೆ ಮಾಡ್ಕೊಂಡು ಪೇಟೆ ದೂರ ಅಂತ ದಿನಾ ಅತ್ರೆ ಹೇಗೆ?”

ಬ್ರಿಟಾಳ ಕಿವಿ ಬಿಸಿಯಾಯಿತು. “ಲೈಟ್‌ಹೌಸ್ ನಮ್ಮದು ಕಣೆ! ಐದು ವರ್ಷದಿಂದ ಒಬ್ಬನಾದ್ರೂ ಅಲ್ಲಿ ಕಾಲಿಟ್ಟಿದ್ದಾನಾ? ನಾವು ಗಳಿಸಿದ ಜಾಗ ಅದು.”

“ಹೆದರಿ ಬರಲ್ಲ ಅಂದ್ಕೊಂಡಿದ್ದೀಯಾ?” ಲುಪೆಯ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. “ಅದು ಯಾರಿಗೂ ಬೇಡ, ಅದಕ್ಕೇ ಯಾರೂ ಬರಲ್ಲ.”

ಮಾರ್ಕ್ವಿಸ್ ಗಂಟಲು ಸರಿಮಾಡಿಕೊಂಡ.

“ನಿಂಗೂ ಹಾಗೇ ಅನ್ಸುತ್ತಾ ಮಾರ್ಕ್ವಿಸ್?”

“ಅಯ್ಯೋ, ನಾನು... ನಿಂಗೆ ಬೇಜಾರಾಗುತ್ತೆ ಅಂತ ಹೇಳಿರ್ಲಿಲ್ಲ.”

“ಯಾವಾಗಿಂದ ಹೇಳಿರ್ಲಿಲ್ಲ?”

“ಎರಡು ವರ್ಷ ಆಯ್ತೇನೋ.”

ಬ್ರಿಟಾ ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಎಸೆದಳು. ಆರ್ನೆ “ಉಫ್ ದಾ” ಎಂದು ಉಸಿರುಬಿಟ್ಟು, ಹಾಟ್‌ಡಿಶ್ ಬಡಿಸಲಾ ಎಂದು ಕೇಳಿದ. ಬೇಡವೆಂದಳು. ಎಲೆ ಹಾಕಲಾ ಎಂದ. ಅದೂ ಬೇಡ. ಕಿಟಕಿಯಾಚೆ ಹಿಮ ತಳ್ಳುವ ಲಾರಿ ಬೀದಿಯನ್ನು ಕೆರೆದುಕೊಂಡು ಹೋಯಿತು. ಹೋದ ವರ್ಷ ಬಸ್ ಡಿಪೊವನ್ನು ಊರಿನ ತುದಿಗೆ ಸಾಗಿಸಿದಾಗ ಮ್ಯಾನೇಜರ್ ಮುಂದೆ ನಿಂತು, “ತುದೀಲಿ ಡಿಪೊ ಇಟ್ಟು ಟೈಮಿಗೆ ಬಾ ಅಂದ್ರೆ ಯಾವ ಡ್ರೈವರ್ ಬರ್ತಾನೆ ಸ್ವಾಮಿ?” ಎಂದು ಜಗಳಾಡಿದ್ದು ಇವಳೇ. ಆ ಮಾತು ಈಗ ಅವಳ ನೆನಪಿಗೆ ಬಂತು, ಬಂದದ್ದಕ್ಕೆ ಇನ್ನೂ ಸಿಟ್ಟು ಬಂತು. ಎರಡು ವರ್ಷ! ಇವರ ಒಳ್ಳೆಯತನಕ್ಕೆ ಬೆಂಕಿ ಹಾಕ.

ಹೆಡ್‌ಫೋನ್ ಮತ್ತೆ ಏರಿಸಿ, “ಕ್ವಾರಿಗೆ ಇಳಿಯೋಣ” ಎಂದಳು. ಕಲ್ಲುಕ್ವಾರಿ ದ್ವೀಪದ ನಟ್ಟನಡುವೆ ಇತ್ತು. ಇನ್ನೊಂದು ತಂಡದ ಜಾಗ.

“ಅವ್ರು ಬಿಡಲ್ಲ” ಎಂದ ಮಾರ್ಕ್ವಿಸ್.

“ಬಿಡದಿದ್ರೆ ಹೊಡೆಯೋಣ. ಲುಪೆ ಏನಕ್ಕಿದ್ದಾಳೆ?”

“ಈಗ ಸರಿ” ಎಂದಳು ಲುಪೆ.

ಕ್ವಾರಿಯವರಿಗೆ ಮೇಲಿಂದ ಇಳಿಯುವ ಇವರು ಕಂಡರು. ಅವರಲ್ಲೊಬ್ಬ ಬರೆದು ಕಳಿಸಿದ: “ಏನಜ್ಜೀ, ಲೈಟ್‌ಹೌಸ್ ಬಾಡಿಗೆ ಕಟ್ಟಿಲ್ವಾ?” ಬ್ರಿಟಾಗೆ ಬಾಗಿಲಲ್ಲೇ ಒಳ್ಳೆಯ ರೈಫಲ್ ಸಿಕ್ಕಿತು, ಅದನ್ನು ಅದೃಷ್ಟವೆಂದು ಅವಳು ಲೆಕ್ಕಕ್ಕೇ ಹಿಡಿಯಲಿಲ್ಲ, ಸಿಕ್ಕಾಗ ಅವಳೆಂದೂ ಹಿಡಿದವಳಲ್ಲ. ಕ್ರೇನಿನ ಕೆಳಗೆ ಒಬ್ಬನನ್ನು ತಾನು ಉರುಳಿಸಿದಳು, ಉಳಿದಿಬ್ಬರನ್ನು ಲುಪೆ ನೋಡಿಕೊಂಡಳು. ಕೆಡವಿದ ತಲೆಗೊಂದು ಪಾಯಿಂಟು. ಪಟ್ಟಿಯಲ್ಲಿ ಹನ್ನೆರಡಕ್ಕೆ ಏರಿದರು. ಎಷ್ಟೋ ವಾರಗಳ ನಂತರ ಮೊದಲ ಸಲ ಮೂವರೂ ನಗುತ್ತಿದ್ದರು.

ಆಗ ಝೋನ್ ಬಿತ್ತು. ಬಿದ್ದದ್ದು ಈಶಾನ್ಯ ಮೂಲೆಗೆ. ವೃತ್ತದ ನಟ್ಟನಡುವೆ ಲೈಟ್‌ಹೌಸ್.

ದಿನವಿಡೀ ಕಾದು ಕೂತಾಗ ಬಾರದ ಬಸ್ಸು, ಒಂದು ಗಳಿಗೆ ಅತ್ತ ಹೋದಾಗ ಬಂದು ಹೊರಟುಹೋಗುವುದಿಲ್ಲವೆ, ಹಾಗಾಯಿತು. ಮಾರ್ಕ್ವಿಸ್ ಸಣ್ಣ ದನಿಯಲ್ಲಿ “ಈಗ... ಬ್ಯಾಡ್ ಲಕ್ ಅನ್ಬಹುದಾ?” ಎಂದು ಕೇಳಿದ.

“ಬಾಯಿ ಮುಚ್ಕೊಂಡು ಓಡು” ಎಂದಳು ಬ್ರಿಟಾ.

ಓಡಿದರು. ಸೇತುವೆಯನ್ನು ಬಿಟ್ಟು, ಕೆಳಗೆ ಈಜಿ ದಾಟಿದರು. ಲೈಟ್‌ಹೌಸ್ ತಲುಪುವಷ್ಟರಲ್ಲಿ ಖಾಲಿ ಮನೆ ಕಂಡು ಬೇರೊಂದು ತಂಡ ಒಳಗೆ ಸೇರಿಕೊಂಡಿತ್ತು. ಮುಂಬಾಗಿಲಿಗೆ ಬಂದೂಕು ಹಿಡಿದು ಕೂತಿದ್ದರು. ಹಿಂದಿನ ಜಾಲರಿಯ ಸಂಗತಿ ಆ ಪಾಪದವರಿಗೆ ಹೇಗೆ ಗೊತ್ತಿರಬೇಕು? ಬ್ರಿಟಾ ನೆಲಮಾಳಿಗೆಯಿಂದ ತೂರಿ ಮೆಟ್ಟಿಲ ಕೆಳಗೆ ಬಂದು ಮೊದಲನೆಯವನನ್ನು ಬೆನ್ನಿಗೇ ಹೊಡೆದಳು. ಲುಪೆ ಕಿಟಕಿಯಿಂದ ಎರಡನೆಯವನನ್ನು. ಮೂರನೆಯವನಿಗೆ ಬ್ರಿಟಾಳ ಗುಂಡು ತಗುಲಿ ಬಿದ್ದ. ಸಾಯಲಿಲ್ಲ, ಮೊಣಕಾಲೂರಿ ತೆವಳತೊಡಗಿದ. ಈ ಆಟದಲ್ಲಿ ಬಿದ್ದವನಿಗೆ ಕೊನೆಯ ಗುಂಡು ಯಾರು ಹೊಡೆಯುತ್ತಾರೋ ಪಾಯಿಂಟು ಅವರದು. ಅವನು ಅವಳ ಕಾಲ ಬಳಿಯೇ ಇದ್ದ. ಎಲ್ಲಿಗೆ ಹೋಗುತ್ತಾನೆ?

ಆ ಹೊತ್ತಿಗೆ ಅವಳ ಕಣ್ಣು ಗೋಡೆಯ ಮೇಲಿನ ತನ್ನ ಹಳೆಯ ಗುಂಡಿನ ಗುರುತುಗಳ ಮೇಲೆ ಬಿತ್ತಂತೆ. ಅಲ್ಲಿ ನಿಜವಾಗಿ ಗುರುತು ಇರುವುದಿಲ್ಲ, ಪ್ರತಿ ಆಟಕ್ಕೂ ಅಳಿಸಿಹೋಗುತ್ತದೆ, ಆದರೂ ಅವಳಿಗೆ ಕಂಡಿತು. ಒಳಗಿದ್ದ ಸಿಟ್ಟೆಲ್ಲ ಬಾಯಿಗೆ ಬಂತು.

“ಐದು ವರ್ಷ! ಐದು ವರ್ಷ ಇದೇ ಮೆಟ್ಟಿಲ ಮೇಲೆ ಕಾದಿದ್ದೀನಿ! ಒಂದು ಸಲ, ಒಂದೇ ಒಂದು ಸಲ ಬೇರೆ ಕಡೆ ಇಳಿದ್ರೆ ಇಲ್ಲಿಗೇ ಬರ್ಬೇಕಾ ಇದು? ಯಾವ ಜನ್ಮದ ಸೇಡು...”

“ಬ್ರಿಟಾ, ಅವನನ್ನ ಮುಗ್ಸು” ಎಂದಳು ಲುಪೆ.

“...ಹೇಳು ಲುಪೆ, ಈಗ ಹೇಳು ನೋಡೋಣ, ಇದೂ ಅಭ್ಯಾಸಾನಾ?”

“ಬ್ರಿಟಾ!”

ಹೊರಗಿನ ಗುಡ್ಡದಿಂದ ಒಂದು ಗುಂಡು ಕಿಟಕಿಯ ಮೂಲಕ ಬಂತು. ತೆವಳುತ್ತಿದ್ದವನು ಅಲ್ಲೇ ಮಾಯವಾದ. ಪಾಯಿಂಟು ಗುಡ್ಡದವರಿಗೆ ಹೋಯಿತು.

ಆಮೇಲೆ ಚೆನ್ನಾಗಿಯೇ ಆಡಿದರು, ಇನ್ನೂ ಇಬ್ಬರನ್ನು ಕೆಡವಿದರು. ಆಟದಲ್ಲಿ ಮೂರನೆಯ ಸ್ಥಾನ. ಕೊನೆಯ ಪಟ್ಟಿ ಬಂದಾಗ ಬ್ರಿಟಾ ಅದನ್ನು ಮೇಲಿಂದಲ್ಲ, ಕೆಳಗಿನಿಂದ ಓದಿಕೊಂಡು ಬಂದಳು. ಹನ್ನೊಂದನೆಯ ಸ್ಥಾನ. ಹತ್ತನೆಯವರಿಗೂ ಇವರಿಗೂ ಒಂದೇ ಪಾಯಿಂಟು ಅಂತರ. ಹತ್ತನೆಯವರು ಯಾರೆಂದರೆ, ಗುಡ್ಡದವರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಎದುರಿನವನ ಬಾಯಿಗೇ ಹೋಯಿತು.

“ಬ್ಯಾಡ್ ಲಕ್ ಬ್ರಿಟಾ” ಎಂದ ಮಾರ್ಕ್ವಿಸ್. ಪಾಪ, ಬೇರೆ ಮಾತು ಅವನಿಗೆ ಗೊತ್ತಿರಲಿಲ್ಲ.

“ಝೋನ್ ಬ್ಯಾಡ್ ಲಕ್” ಎಂದಳು ಬ್ರಿಟಾ. “ಆ ಒಂದು ಪಾಯಿಂಟು ಅಲ್ಲ. ಅದು ನಾನು ಬಾಯಿ ಬಡ್ಕೊಂಡು ಕಳ್ಕೊಂಡಿದ್ದು.”

ಐದು ವರ್ಷದಲ್ಲಿ ಅವಳ ಬಾಯಲ್ಲಿ ಇಂಥ ಮಾತು ಇಬ್ಬರೂ ಕೇಳಿರಲಿಲ್ಲ.

“ಹೋಗ್ತೀಯಾ ಲುಪೆ?”

“ಹೋಗ್ತೀನಿ” ಎಂದಳು ಲುಪೆ. ಆಮೇಲೆ “ಇದನ್ನ ಎರಡು ವರ್ಷ ಹಿಂದೆ ಹೇಳಿದ್ದಿದ್ರೆ ಹೋಗ್ತಿರ್ಲಿಲ್ಲ” ಎಂದಳು.

“ನೀವು ಎರಡು ವರ್ಷ ಹಿಂದೆ ಹೇಳಿದ್ದಿದ್ರೆ ನಾನೂ ಹೇಳ್ತಿದ್ದೆ.”

“ಅದೂ ನಿಜಾನೇ” ಎಂದಳು ಲುಪೆ. ಬೇಕರಿಯಿಂದ ಯಾರೋ ಅವಳನ್ನು ಕೂಗಿದರು. ಹೋದಳು. ಅವಳ ಹಿಂದೆಯೇ ಮಾರ್ಕ್ವಿಸ್ ಕೂಡ ಹೋದ.

ಬ್ರಿಟಾ ಕುರ್ಚಿಯನ್ನು ಅಪ್ಪನ ಕಡೆ ತಿರುಗಿಸಿ ಕೂತಳು. ಅಳು ಬರುವ ಹಾಗಿತ್ತು. ಅಪ್ಪನ ಮುಂದೆ ಅಳುವುದು ಅವರ ಮನೆಯಲ್ಲಿ ಬಳಕೆಯಿಲ್ಲ. “ಹಾಕಪ್ಪಾ ಎಲೆ” ಎಂದಳು.

ಮಧ್ಯಾಹ್ನದಿಂದ ಎಳೆಯುತ್ತ ಬಂದಿದ್ದ ಆಟ ಕೊನೆಗೆ ಬಂದಿತ್ತು. ಅವಳಿಗೆ ಗೆದ್ದು ಮನೆ ಸೇರಲು ನಾಲ್ಕು ತೂತು ಬಾಕಿ, ಅವನಿಗೆ ಎರಡು. ಆರ್ನೆ ಎಲೆ ಹಂಚಿದ. ಎಣಿಸುವ ಸರದಿ ಮೊದಲು ಅವಳದು. ಎಕ್ಕ, ಆರು, ಎಂಟು, ಒಂಬತ್ತು. ಇಬ್ಬರ ಲೆಕ್ಕಕ್ಕೂ ಸೇರುವಂತೆ ಮೇಜಿನ ಮೇಲೆ ತೆರೆದಿಟ್ಟ ಎಲೆ ರಾಜ. ಒಮ್ಮೆ ನೋಡಿದಳು.

“ಆರು ಒಂಬತ್ತು ಹದಿನೈದು, ಎರಡು. ಅಷ್ಟೇ. ನನ್ನ ಎಲೆ ನೋಡು, ನನ್ನ ಹಣೆಬರಹದ ಹಾಗೇ ಇದೆ.” ಬೆಂಕಿಕಡ್ಡಿಯನ್ನು ಎರಡು ತೂತು ಮುಂದಿಟ್ಟಳು.

ಆರ್ನೆ ತನ್ನ ಎಲೆ ಎತ್ತಿಕೊಳ್ಳಲು ಹೋದ. ಎತ್ತುವ ಮುಂಚೆ ಅವನ ಕಣ್ಣು ಅವಳ ಎಲೆಗಳ ಮೇಲೆ ಒಂದು ಗಳಿಗೆ ನಿಂತು, ಬೇಗ ಸರಿಯಿತು. ಬ್ರಿಟಾಗೆ ಅದು ಕಂಡಿತು. ಹಾಗೆ ನಿಂತು ಸರಿಯುವುದನ್ನು ಅವಳು ಎಷ್ಟೋ ವರ್ಷದಿಂದ ಕಂಡಿದ್ದಳು. ಅಪ್ಪನ ಕಣ್ಣು ಮಂಜಾಗಿದೆ, ವಯಸ್ಸಾಯಿತಲ್ಲ ಎಂದುಕೊಂಡಿದ್ದಳು.

“ಏನಪ್ಪಾ?”

“ಏನಿಲ್ಲ.”

“ಏನೋ ನೋಡಿದೆ ನೀನು.”

“ನಾನೇನೂ ನೋಡ್ಲಿಲ್ಲ ಮಗಾ. ನಿಮ್ಮಮ್ಮನ ರೂಲು.”

“ಅಮ್ಮ ಅರಿಜೋನಾದಲ್ಲಿ ಇನ್ನೊಬ್ಬರ ಹಲ್ಲು ಎಣಿಸ್ತಾ ಇದ್ದಾಳೆ. ಹೇಳು.”

ಆರ್ನೆ ಮಗಳ ಮುಖ ನೋಡಿದ. ಆಮೇಲೆ ಬೋರ್ಡು ಅವಳ ಕೈಗೆ ಎಟುಕದಂತೆ ತನ್ನ ಕಡೆಗೆ ಸ್ವಲ್ಪ ಎಳೆದುಕೊಂಡ. ದಪ್ಪ ಬೆರಳಿನಿಂದ ಒಂದೊಂದೇ ಎಲೆ ಮುಟ್ಟಿದ. “ಎಕ್ಕ. ಆರು. ಎಂಟು. ಹದಿನೈದು. ಇನ್ನೊಂದು ಎರಡು ಇತ್ತು ನಿಂಗೆ. ಒಟ್ಟು ನಾಲ್ಕು. ಗೆದ್ದಿದ್ದೆ ನೀನು.” ಇಪ್ಪತ್ತಮೂರು ವರ್ಷ ನುಂಗಿಕೊಂಡಿದ್ದ ಮಾತು, ಹೇಳುವಾಗ ಅವನ ಮುಖ ಹುಡುಗನ ಮುಖದಂತಾಯಿತು. “ಮಗಿನ್ಸ್” ಎಂದ. ತನ್ನ ಕಡ್ಡಿಯನ್ನು ಎರಡು ತೂತು ಸರಿಸಿ ಮನೆ ಸೇರಿಸಿದ.

ಬ್ರಿಟಾ ಎಕ್ಕ, ಆರು, ಎಂಟನ್ನು ನೋಡುತ್ತ ಕೂತಳು. ಮೂರೂ ಅವಳ ಕೈಲೇ ಇದ್ದವು, ಮೊದಲಿನಿಂದಲೂ.

“ಈಗ ಬ್ಯಾಡ್ ಲಕ್ ಅಂದ್ರೆ ನೋಡು, ಈ ಬೋರ್ಡು ಮತ್ತೆ ಗೋಡೆಗೇ ಹೋಗುತ್ತೆ” ಎಂದಳು.

“ನಾನೆಲ್ಲಿ ಅಂದೆ?” ಎಂದ ಆರ್ನೆ.

ಅವಳು ಎಲೆಗಳನ್ನು ಒಟ್ಟುಮಾಡಿ ಕಲೆಸತೊಡಗಿದಳು.